ನಾಲ್ಕು ಮಗ್ಗದ ಲೆಕ್ಕ

ಭೀಮಗೊಂಡ ಮಾಸ್ತರರ ಬಗ್ಗೆ ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ಸಿಟ್ಟು ಅವರ ಮೇಲೋ, ನನ್ನ ಅಪ್ಪನ ಮೇಲೋ ಎಂದು ಕೇಳಿದರೆ ಇಷ್ಟು ವರ್ಷವಾದರೂ ನೆಟ್ಟಗೆ ಹೇಳಲಾರೆ. ಇಬ್ಬರೂ ಒಳ್ಳೆಯವರು. ಕೆಟ್ಟವರಾಗಿದ್ದರೆ ಶಾಪ ಹಾಕಿ ಕೈ ತೊಳೆದುಕೊಳ್ಳಬಹುದಿತ್ತು. ಒಳ್ಳೆಯವರು ಮಾಡಿದ ಅನಾಹುತಕ್ಕೆ ಬೈಯುವುದಾದರೂ ಯಾರನ್ನು?

ಮಾಸ್ತರರು ಕಾಗಲ ತಾಲೂಕಿನ ಸುಳಕೂಡದವರು, ಒಕ್ಕಲುತನದ ಮನೆಯವರು. ಅಣ್ಣಂದಿರೆಲ್ಲ ಹೊಲ ಹಿಡಿದರೆ ಇವರೊಬ್ಬರು ಕೊಲ್ಹಾಪುರಕ್ಕೆ ಹೋಗಿ ಗಣಿತದಲ್ಲಿ ಬಿ.ಎಸ್ಸಿ. ಮಾಡಿಕೊಂಡು ೧೯೬೦ರ ಜೂನ್‌ನಲ್ಲಿ ಇಚಲಕರಂಜಿಯ ನಮ್ಮ ಹೈಸ್ಕೂಲಿಗೆ ಬಂದರು. ಶಾಲೆಯಲ್ಲಿ ಪಾಠವೆಲ್ಲ ಮರಾಠಿ. ನಾವು ಮುದ್ದೇಬಿಹಾಳದ ಕಡೆಯಿಂದ ಮಗ್ಗದ ಕೆಲಸ ಹುಡುಕಿಕೊಂಡು ಬಂದವರು. ನನ್ನ ಅಪ್ಪ ಯಲಗೂರಪ್ಪ, ಕಾಕಾಸಾಹೇಬ ಎಂಬ ಮಾಲೀಕನ ಶೆಡ್ಡಿನಲ್ಲಿ ಕರೆಂಟಿನಿಂದ ಓಡುವ ಎರಡು ಮಗ್ಗ ನಡೆಸುತ್ತಿದ್ದ. ಕನ್ನಡ ಮಾತಾಡುವ ಗಣಿತದ ಮಾಸ್ತರರು ಊರಿಗೆ ಬಂದಿದ್ದಾರೆಂದು ಗೊತ್ತಾದದ್ದೇ ತಡ, ಅಪ್ಪ ಹೋಗಿ ಅವರನ್ನು ಮನೆಗೆ ಕರೆದುಕೊಂಡು ಬಂದ. ಮಾಸ್ತರರದು ಸೋಮವಾರ ಒಪ್ಪತ್ತು. ಆ ಸಂಜೆಯ ಊಟ ನಮ್ಮಲ್ಲೇ ಎಂದು ಅಂದಿನಿಂದ ಗೊತ್ತಾಯಿತು. ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಒಂದು ಬಟ್ಟಲು ಮಜ್ಜಿಗೆ.

ಅಪ್ಪನಿಗೆ ಓದು ಬರೆಹ ಬರುತ್ತಿರಲಿಲ್ಲ. ಲೆಕ್ಕ ಬಲ್ಲವನೆಂದರೆ ಅವನ ಪಾಲಿಗೆ ಮಠದ ಸ್ವಾಮಿಗಳಿಗಿಂತ ಒಂದು ಕೈ ಹೆಚ್ಚು. ಮಾಸ್ತರರು ಉಣ್ಣುವಾಗ ಎದುರು ಕುಳಿತು ಅವರ ಮುಖವನ್ನೇ ನೋಡುತ್ತಿದ್ದ. ಅವರು ಸುಮ್ಮನೆ “ಹ್ಞೂಂ” ಅಂದರೂ ಅದರಲ್ಲೇನೋ ಇದೆ ಎಂದು ತಲೆಯಾಡಿಸುತ್ತಿದ್ದ. “ಮಾಸ್ತರು ಸೂರ್ಯ ಪಡುವಲಕ್ಕ ಹುಟ್ಟತಾನ ಅಂದ್ರ ಇವರು ಆ ಕಡೆ ಮಾರಿ ಮಾಡಿ ಕೈ ಮುಗೀತಾರ ನೋಡು,” ಎಂದು ನನ್ನ ಅವ್ವ ಶಿವವ್ವ ಒಲೆಯ ಮುಂದೆ ಕುಳಿತು ನಗುತ್ತಿದ್ದಳು. ಆಗ ನಾವು ನಗುತ್ತಿದ್ದೆವು.

ಮಾಸ್ತರರು ಎಂ.ಎಸ್ಸಿ. ಪರೀಕ್ಷೆಗೆ ತಾವೇ ಓದಿಕೊಳ್ಳುತ್ತಿದ್ದರು. ಕೊಲ್ಹಾಪುರದಿಂದ ದಪ್ಪನೆಯ ಇಂಗ್ಲಿಷ್ ಪುಸ್ತಕವೊಂದನ್ನು ತಂದಿದ್ದರು. ತಾವು ಓದಿದ್ದನ್ನು ಯಾರಿಗಾದರೂ ಹೇಳದೆ ಅವರಿಗೆ ಉಂಡದ್ದು ಅರಗುತ್ತಿರಲಿಲ್ಲ. ಅದಕ್ಕೇ ಶನಿವಾರ ಅರ್ಧ ದಿನದ ಶಾಲೆ ಬಿಟ್ಟ ಮೇಲೆ ಏಳೆಂಟು ಜನರನ್ನು ಕೂರಿಸಿಕೊಂಡು, ಪರೀಕ್ಷೆಗೆ ಬಾರದ ಗಣಿತ ಹೇಳಿಕೊಡುತ್ತಿದ್ದರು. ಹೆಣ್ಣುಮಕ್ಕಳಲ್ಲಿ ಕೂರುತ್ತಿದ್ದವಳು ನಾನೊಬ್ಬಳೇ. ಮೊದಲು ಮರಾಠಿಯಲ್ಲಿ ಹೇಳಿ, ನನ್ನ ಮುಖ ನೋಡಿ, ಮತ್ತೆ ಕನ್ನಡದಲ್ಲಿ ಬಿಡಿಸಿ ಹೇಳುತ್ತಿದ್ದರು.

ಒಂದು ಶನಿವಾರ ಹಲಗೆಯ ನಡುವೆ ಉದ್ದ ಗೆರೆ ಎಳೆದರು. ಒಂದು ಬದಿಗೆ ‘ಎಣಿಸುವುದು’, ಇನ್ನೊಂದು ಬದಿಗೆ ‘ಅಳೆಯುವುದು’ ಎಂದು ಬರೆದರು.

“ಚೆನ್ನವ್ವ, ಇವತ್ತ ನಿಮ್ಮ ವರ್ಗದಾಗ ಎಷ್ಟು ಮಂದಿ ಬಂದಿದ್ದಿಲ್ಲ?”

“ಮೂರು ಮಂದಿರೀ ಸರ.”

“ಸೋಮವಾರ ಎಷ್ಟು ಮಂದಿ ಬರೂದಿಲ್ಲ?”

“ಅದನ್ನ ಈಗ ಹೆಂಗ ಹೇಳೂದರೀ?”

“ಹೇಳಾಕ ಬರೂದಿಲ್ಲ. ಯಾರೂ ತಪ್ಪಸದನೂ ಇರಬಹುದು, ಹತ್ತು ಮಂದಿ ತಪ್ಪಸಬಹುದು. ಆದ್ರ ಎರಡೂವರಿ ಮಂದಿ ತಪ್ಪಸಾಕ ಸಾಧ್ಯ ಇಲ್ಲ. ಹೌದಿಲ್ಲ?”

ಮುಂಚೆ ಗೊತ್ತಾಗದ, ಆದರೆ ಸಿಕ್ಕಾಗ ಸೊನ್ನೆ, ಒಂದು, ಎರಡು ಎಂದು ಬಿಡಿಬಿಡಿಯಾಗಿಯೇ ಸಿಗುವ ಬೆಲೆ ಅದು. ಪುಸ್ತಕದ ಭಾಷೆಯಲ್ಲಿ ವಿವಿಕ್ತ ಯಾದೃಚ್ಛಿಕ ಚಲಕ. ಆಮೇಲೆ ಮಾಸ್ತರರು ಗೆರೆಯ ಇನ್ನೊಂದು ಬದಿಗೆ ಬಂದರು. ಅಪ್ಪ ಶೆಡ್ಡಿನಿಂದ ಮನೆಗೆ ಸೈಕಲ್ ಮೇಲೆ ಬರಲು ಎಷ್ಟು ಹೊತ್ತು ಹಿಡಿಯುತ್ತದೆಂದು ಕೇಳಿದರು. ಹನ್ನೆರಡು ನಿಮಿಷ ಅಂದೆ.

“ಹನ್ನೆರಡಂದ್ರ ಬರೋಬ್ಬರಿ ಹನ್ನೆರಡೇನವ್ವಾ? ಹನ್ನೆರಡಕ್ಕೂ ಹದಿಮೂರಕ್ಕೂ ನಡುವ ಹನ್ನೆರಡೂವರಿ ಐತಿ. ಹನ್ನೆರಡಕ್ಕೂ ಹನ್ನೆರಡೂವರಿಗೂ ನಡುವ ಮತ್ತೊಂದು ಐತಿ. ಎಲ್ಲಿ ತನಕ ಹೋದ್ರೂ ನಡುವ ಜಾಗಾ ಇದ್ದ ಇರತೈತಿ.”

ಇದು ಅವಿಚ್ಛಿನ್ನ ಚಲಕ. ಇಲ್ಲಿ ಸರಿಯಾಗಿ ಹನ್ನೆರಡಕ್ಕೆ ಬರುವ ಸಂಭವ ಎಷ್ಟು ಎಂದು ಕೇಳಿದರೆ ಉತ್ತರ ಸೊನ್ನೆ. ಹನ್ನೊಂದರಿಂದ ಹದಿಮೂರರೊಳಗೆ ಬರುವ ಸಂಭವ ಎಷ್ಟು ಎಂದು ಕೇಳಬೇಕು. ನನಗೆ ಅದು ಎಷ್ಟು ಹಿಡಿಸಿತೆಂದರೆ ಮನೆಗೆ ಹೋಗುತ್ತ ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ಎಣಿಸುವುದು, ಅಳೆಯುವುದು ಎಂದು ಎರಡು ಗುಂಪು ಮಾಡಿದೆ. ಇಂಥ ಪಾಠ ಹೇಳಿದ ಮನುಷ್ಯನೇ ಮುಂದಿನ ವರ್ಷ ಏನು ಮಾಡಿದರು ನೋಡಿ.

ಕಾಕಾಸಾಹೇಬ ನಮ್ಮ ಶಾಲೆಯ ಕಮಿಟಿಯಲ್ಲೂ ಇದ್ದ. ೧೯೬೨ರ ದೀಪಾವಳಿ ಮುಗಿದ ಮೇಲೆ ಮಾಸ್ತರರನ್ನು ಕರೆಸಿ, “ಗುರುಜೀ, ಜರಾ ಹಿಶೇಬ ಕರೂನ ದ್ಯಾ,” ಎಂದು ಲೆಕ್ಕ ಹಾಕಿಕೊಡಲು ಕೇಳಿದ. ಒಬ್ಬ ನೇಕಾರನಿಗೆ ಎರಡು ಮಗ್ಗದ ಬದಲು ನಾಲ್ಕು ಕೊಟ್ಟರೆ ನಡೆಸಲು ಆಗುತ್ತದೋ ಇಲ್ಲವೋ ಎಂಬ ಲೆಕ್ಕ ಅವನಿಗೆ ಬೇಕಿತ್ತು. ಶಾಲೆಯ ಕಮಿಟಿಯವನು ಕೇಳಿದಾಗ ಒಲ್ಲೆ ಅನ್ನುವುದು ಯಾವ ಮಾಸ್ತರನಿಗೂ ಸುಲಭವಲ್ಲ. ಆದರೆ ಮಾಸ್ತರರು ಹೆದರಿ ಒಪ್ಪಿದ್ದಲ್ಲ, ಹಿಗ್ಗಿ ಒಪ್ಪಿದ್ದು. ತಮ್ಮ ಗಣಿತ ಊರಿನ ಕೆಲಸಕ್ಕೆ ಬಂತಲ್ಲ ಎಂದು ಆ ಸೋಮವಾರ ಒಂದು ರೊಟ್ಟಿ ಹೆಚ್ಚಿಗೆ ತಿಂದರು.

ಮಗ್ಗಗಳ ದುರಸ್ತಿ, ಮೇಲ್ವಿಚಾರಣೆ ನೋಡುವ ಜಾಬರ ಭರಮಪ್ಪ ಒಂದು ನೋಟ್‌ಬುಕ್ಕು, ಜೇಬಿನ ಗಡಿಯಾರ ಹಿಡಿದು ಮೂರು ದಿನ ಅಪ್ಪನ ಮಗ್ಗಗಳ ಹತ್ತಿರ ನಿಂತ. ಶೆಡ್ಡಿನಲ್ಲೆಲ್ಲ ಕೈ ಚುರುಕಿನವನು ಅಪ್ಪ, ಅದಕ್ಕೆ ಅವನ ಮಗ್ಗಗಳು. ನೂಲು ಹರಿದು ಇಲ್ಲವೆ ಅತ್ತಿತ್ತ ಓಡುವ ಲಾಳಿಯೊಳಗಿನ ನೂಲು ಸುತ್ತಿದ ಕಂಡಿಕೆ ಮುಗಿದು ಮಗ್ಗ ಎಷ್ಟು ಸಲ ನಿಂತಿತು, ಸರಿಮಾಡಿ ಮತ್ತೆ ಚಾಲೂ ಮಾಡಲು ಎಷ್ಟು ನಿಮಿಷ ಹಿಡಿಯಿತು ಎಂದು ಬರೆದುಕೊಂಡ. ಮಾಸ್ತರರು ಆ ನೋಟ್‌ಬುಕ್ಕು ನೋಡಿ ಲೆಕ್ಕ ಹಾಕಿದರು. ಒಂದು ಮಗ್ಗ ತಾಸಿಗೆ ಆರು ಸಲ ನಿಲ್ಲುತ್ತದೆ. ಸರಿಮಾಡಲು ಪ್ರತಿ ಸಲ ಎರಡು ನಿಮಿಷ. ಅಲ್ಲಿಗೆ ಹನ್ನೆರಡು ನಿಮಿಷ. ನಾಲ್ಕು ಮಗ್ಗಕ್ಕೆ ನಲವತ್ತೆಂಟು. ತಾಸಿಗೆ ಇನ್ನೂ ಹನ್ನೆರಡು ನಿಮಿಷ ನೇಕಾರನ ಕೈಯಲ್ಲಿ ಉಳಿಯುತ್ತದೆ. ಗೆರೆ ಹಾಳೆಯ ಮೇಲೆ ಮುತ್ತಿನಂಥ ಅಕ್ಷರದಲ್ಲಿ ಬರೆದು, ಕೆಳಗೆ ಸಹಿ ಮಾಡಿ, ಬಿ.ಎಸ್ಸಿ. ಎಂದು ಸೇರಿಸಿ ಕೊಟ್ಟರು.

ಸಂಕ್ರಮಣ ಮುಗಿದ ಮೇಲೆ ಒಬ್ಬೊಬ್ಬನಿಗೆ ನಾಲ್ಕು ಮಗ್ಗ ಎಂದು ಜಾರಿಯಾಯಿತು. ನೇಕಾರರು ಗುಣುಗುಟ್ಟಿದರು. ಅವರ ಬಾಯಿ ಮುಚ್ಚಿಸಿದವನು ಯಾರು ಅಂದರೆ ನನ್ನ ಅಪ್ಪ. “ಲೆಕ್ಕ ಬರದವರು ಯಾರು ಗೊತ್ತೈತಿಲ್ಲ? ನಮ್ಮ ಮನ್ಯಾಗ ಉಣ್ಣೂ ಮಾಸ್ತರು. ಅವರ ಲೆಕ್ಕ ಸುಳ್ಳಾಗತೈತೇನು?” ಅಂದನಂತೆ. ಇದನ್ನು ಅವನೇ ಮನೆಗೆ ಬಂದು ಹೆಮ್ಮೆಯಿಂದ ಹೇಳಿದ.

ಎರಡು ಮಗ್ಗ ಇದ್ದಾಗ ಎರಡೂ ಕಣ್ಣ ಮುಂದೆ ಇರುತ್ತಿದ್ದವು. ನಾಲ್ಕಾದ ಮೇಲೆ ಎರಡು ಮುಂದೆ, ಎರಡು ಬೆನ್ನ ಹಿಂದೆ. ಅಡ್ಡಕ್ಕೆ ಹೋಗುವ ಹೊಕ್ಕಿನ ನೂಲು ಹರಿದರೆ ಮಗ್ಗ ತಾನಾಗಿ ನಿಲ್ಲುತ್ತದೆ. ಆ ಹಳೆಯ ಮಗ್ಗಗಳಲ್ಲಿ ಉದ್ದಕ್ಕೆ ಬಿಗಿದ ಹಾಸಿನ ಎಳೆ ಹರಿದರೆ ನಿಲ್ಲುತ್ತಿರಲಿಲ್ಲ, ನೇಕಾರನೇ ಕಂಡು ನಿಲ್ಲಿಸಬೇಕು. ಅಪ್ಪ ಕಟ್ಟಿಕೊಂಡು ಹೋದ ಬುತ್ತಿ ಅರ್ಧ ಹಾಗೇ ವಾಪಸು ಬರತೊಡಗಿತು. ಸಂಜೆ ಬಂದವನು ಗೋಡೆಗೆ ಒರಗಿ ಕಣ್ಣು ಮುಚ್ಚಿಬಿಡುತ್ತಿದ್ದ.

“ತಾಸಿಗೆ ಹನ್ನೆರಡು ನಿಮಿಷ ಉಳೀತಾವ ಅಂತ ಮಾಸ್ತರು ಬರದಾರ. ನನಗ ಒಂದೂ ಉಳಿವಲ್ದು. ಎಲ್ಲಿ ಸೋರಿ ಹೋಗಾಕತ್ತಾವೋ ಏನೋ,” ಅನ್ನುತ್ತಿದ್ದ.

“ಹಂಗಾರ ಅವರನ್ನ ಕೇಳಬಾರದಾ?” ಅಂತಿದ್ದಳು ಅವ್ವ.

“ಉಣ್ಣಾಕ ಬಂದ ಮನಿಶ್ಯಾಗ ಅಂಥಾದ್ದು ಕೇಳತಾರೇನ ಹುಚ್ಚಿ?”

ಸೋಮವಾರ ಮಾಸ್ತರರು ಬಂದು, “ಹೆಂಗ ನಡದೈತಿ ಯಲಗೂರಪ್ಪ?” ಎಂದು ಕೇಳಿದರೆ, “ಭಾಳ ಛಲೋ ನಡದೈತ್ರಿ,” ಅನ್ನುತ್ತಿದ್ದ. ಅವರು ನಂಬುತ್ತಿದ್ದರು. ಎದುರಿಗಿದ್ದವನ ಕಣ್ಣ ಕೆಳಗಿನ ಕಪ್ಪು ಅವರಿಗೆ ಕಾಣಲಿಲ್ಲ. ಕಂಡಿದ್ದ ನಾನೂ ಹೇಳಲಿಲ್ಲ, ಅಪ್ಪನ ಹೆದರಿಕೆ.

೧೯೬೩ರ ಶ್ರಾವಣ. ನಾನು ಹನ್ನೊಂದನೆಯ ಇಯತ್ತೆಯಲ್ಲಿ, ಹೈಸ್ಕೂಲಿನ ಕೊನೆಯ ವರ್ಗದಲ್ಲಿದ್ದೆ. ಅಪ್ಪ ಮುಂದಿನ ಮಗ್ಗದಲ್ಲಿ ನೂಲು ಕಟ್ಟುತ್ತಿದ್ದಾಗ ಪಕ್ಕದ್ದೂ ನಿಂತಿತು. ಅದಕ್ಕೆ ಕೈ ಹಾಕುವಷ್ಟರಲ್ಲಿ ಬೆನ್ನ ಹಿಂದಿನದರಲ್ಲಿ ಹಾಸಿನ ಎಳೆ ಹರಿದು ಅಕ್ಕಪಕ್ಕದ ಎಳೆಗಳಿಗೆ ತೊಡರಿಕೊಂಡಿತು. ಮಗ್ಗ ಓಡುತ್ತಲೇ ಇತ್ತು. ಸದ್ದು ಬೇರೆಯಾದದ್ದು ಕೇಳಿ ಅಪ್ಪ ತಿರುಗಿದ. ಆ ಸಿಕ್ಕಿಗೆ ತಾಗಿ ದಾರಿ ತಪ್ಪಿದ ಲಾಳಿ ಮಗ್ಗದಿಂದ ಹಾರಿ, ಅದರ ಕಬ್ಬಿಣದ ತುದಿ ಎಡಗಣ್ಣಿಗೆ ಬಡಿಯಿತು.

ಕೊಲ್ಹಾಪುರದ ದವಾಖಾನೆಯಲ್ಲಿ ಕಣ್ಣು ತೆಗೆದರು. ಇಪ್ಪತ್ತೊಂದು ದಿನ ಇದ್ದು ಅಪ್ಪ ಮನೆಗೆ ಬಂದ. ಕಾರಖಾನೆಗಳನ್ನು ನೋಡುವ ಸರಕಾರಿ ಅಧಿಕಾರಿಯೊಬ್ಬ ಬಂದು ಕಾಕಾಸಾಹೇಬನ ಆಫೀಸಿನಲ್ಲಿ ವಿಚಾರಣೆ ಮಾಡಿದ. ಮಾಸ್ತರರನ್ನೂ ಕರೆಸಿ, ನಾಲ್ಕು ಮಗ್ಗ ಒಬ್ಬನಿಂದ ಸಾಧ್ಯವೇ ಎಂದು ಕೇಳಿದ. “ಸರಾಸರಿ ಪ್ರಕಾರ ಸಾಧ್ಯ,” ಎಂದು ಹೇಳಿ ಮಾಸ್ತರರು ತಲೆ ತಗ್ಗಿಸಿ ಬಂದರು. ನೇಕಾರನ ನಿಷ್ಕಾಳಜಿ ಎಂದು ವರದಿ ಬರೆದಾಯಿತು. ಅಪ್ಪ ಅದಕ್ಕೆ ಹೆಬ್ಬೆಟ್ಟು ಒತ್ತಿದ. ಯಾರೂ ಒತ್ತಾಯ ಮಾಡಿರಲಿಲ್ಲ. “ಖರೇನ ಐತಲ್ಲ. ಮಾಸ್ತರು ಹೊತ್ತು ಉಳಿಸಿ ಕೊಟ್ಟಿದ್ರು, ನನ್ನ ಕೈ ತಡಾ ಆತು,” ಅಂದ.

ಹೋದ ಕಣ್ಣು ಹೋಯಿತು. ಅದಕ್ಕಿಂತ ನನ್ನನ್ನು ಸುಟ್ಟದ್ದು ಈ ಮಾತು. ಅದು ಅಪ್ಪನ ತಪ್ಪಲ್ಲ ಎಂದು ಅಪ್ಪನಿಗೇ ಗೊತ್ತಾಗಬೇಕು, ಅದನ್ನು ಮಾಸ್ತರರೇ ಅವನೆದುರು ಹೇಳಬೇಕು. ನನಗೆ ಬೇಕಾಗಿದ್ದುದು ಇಷ್ಟೇ. ಯಾಕೆಂದರೆ ಬೇರೆ ಯಾರು ಹೇಳಿದರೂ ಅವನು ನಂಬುವವನಲ್ಲ.

ಮಾಸ್ತರರು ನಮ್ಮ ಮನೆಗೆ ಬರುವುದನ್ನು ಬಿಟ್ಟರು. ಶನಿವಾರದ ಪಾಠ ಮಾತ್ರ ನಡೆಯುತ್ತಿತ್ತು. ಒಂದು ಶನಿವಾರ ನಾನು ಎದ್ದು ನಿಂತೆ. ಕೇಳಿಯೇ ಬಿಟ್ಟೆ.

“ಸರ, ಮಗ್ಗ ಎಷ್ಟು ಸಲ ನಿಂತ್ವು ಅನ್ನೂದು ಎಣಿಸೂದು. ಹೌದಲ್ರಿ?”

“ಹೌದವ್ವಾ.”

“ಎಳಿ ಕಟ್ಟಾಕ ಹಿಡಿಯೂ ಹೊತ್ತು ಅಳಿಯೂದು. ಅದು ಬರೋಬ್ಬರಿ ಎರಡು ನಿಮಿಷ ಹೆಂಗಾತರೀ? ಮತ್ತ ನಾಕೂ ಮಗ್ಗ ಪಾಳಿ ಹಚ್ಚಿ ಒಂದಾದ ಮ್ಯಾಲೆ ಒಂದು ನಿಲ್ಲತಾವ ಅಂತ ಅವಕ್ಕ ಯಾರು ಹೇಳಿದ್ರರೀ?”

ಮಾಸ್ತರರು ಸುಣ್ಣದ ಕಡ್ಡಿ ಕೆಳಗಿಟ್ಟರು. ಬೈಯುತ್ತಾರೆಂದು ಕಾದೆ. ಅವರು ಪುಸ್ತಕ ಮುಚ್ಚಿ ಸೈಕಲ್ ತೆಗೆದುಕೊಂಡು ಹೊರಟುಹೋದರು. ಅಂದಿನಿಂದ ಶನಿವಾರದ ಪಾಠವೂ ನಿಂತಿತು.

ಅವರು ಸೀದಾ ಭರಮಪ್ಪನ ಹತ್ತಿರ ಹೋಗಿದ್ದರೆಂದು ಆಮೇಲೆ ತಿಳಿಯಿತು. ನೋಟ್‌ಬುಕ್ಕನ್ನು ಮತ್ತೆ ತೆಗೆಸಿ ನೋಡಿದರೆ ಪುಟದ ತುಂಬ ಬರೀ ಒಂದು, ಎರಡು, ಅಪರೂಪಕ್ಕೆ ಮೂರು. ಅವನ ಗಡಿಯಾರಕ್ಕೆ ಸೆಕೆಂಡಿನ ಮುಳ್ಳೇ ಇರಲಿಲ್ಲ. ಹೆಚ್ಚು ಹೊತ್ತು ಹಿಡಿದದ್ದು ಒಂದೂ ಇಲ್ಲವೇ ಎಂದು ಕೇಳಿದ್ದಕ್ಕೆ, “ನಾಕೈದು ಎಳಿ ಕೂಡೇ ಹರದ್ರ ಅದು ರಿಪೇರಿರೀ. ರಿಪೇರಿ ಬರಿ ಅಂತ ನನಗ ಯಾರೂ ಹೇಳಿಲ್ಲ,” ಅಂದನಂತೆ. ಅವನದೂ ತಪ್ಪಲ್ಲ. ಹೇಳಿದಷ್ಟು ಬರೆದಿದ್ದ.

ಮಾಸ್ತರರು ತಮ್ಮ ಲೆಕ್ಕ ತಪ್ಪೆಂದು ಕಾಕಾಸಾಹೇಬನಿಗೆ ಬರೆದುಕೊಟ್ಟರು. ಅವನು ಅದನ್ನು ಓದಿ, ಮಡಿಸಿ, ಮೇಜಿನ ಖಾನೆಯಲ್ಲಿ ಇಟ್ಟ. “ಗುರುಜೀ, ನಿಮ್ಮ ಮೊದಲಿನ ಕಾಗದಾ ಹದಿನೇಳು ಶೆಡ್ಡಿಗೆ ಹೋಗಿ ಮುಟ್ಟೇತಿ. ಅದನ್ನ ತಿರಗಿ ತರಾಕ ಈಗ ನಿಮ್ಮ ಕೈಲೂ ಆಗೂದಿಲ್ಲ, ನನ್ನ ಕೈಲೂ ಆಗೂದಿಲ್ಲ,” ಎಂದು ನಕ್ಕನಂತೆ. ವರ್ಷ ಮುಗಿದ ಮೇಲೆ, ಜೂನ್‌ನಿಂದ ಬರುವುದು ಬೇಡ ಎಂದು ಶಾಲೆಯಿಂದ ಚೀಟಿ ಬಂತು. ಮಾಸ್ತರರು ಗಡಹಿಂಗ್ಲಜಕ್ಕೆ ಹೋಗಿ ಅಲ್ಲೊಂದು ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಮಗ್ಗಿ ಹೇಳಿಕೊಡತೊಡಗಿದರು. ಎಂ.ಎಸ್ಸಿ. ಮಾತು ಅಲ್ಲಿಗೆ ಮುಗಿಯಿತು. ಮಾಲೀಕನೆದುರು ಹೋಗುವ ಧೈರ್ಯ ಮಾಡಿದ ಆ ಮನುಷ್ಯನಿಗೆ ಅಪ್ಪನೆದುರು ಬರುವ ಧೈರ್ಯ ಮಾತ್ರ ಆಗಲಿಲ್ಲ.

ಇದನ್ನೆಲ್ಲ ನಾನೇ ಅಪ್ಪನಿಗೆ ಹೇಳಿ ನೋಡಿದೆ. “ನೀ ಮಾಸ್ತರಕಿಂತ ಶಾಣ್ಯಾಕಿ ಆದಿ ಏನ?” ಎಂದು ಗದರಿದ. ಶೆಡ್ಡಿನಲ್ಲಿ ಅವನನ್ನು ಹೆಂಗಸರ ಸಾಲಿನಲ್ಲಿ ಕಂಡಿಕೆ ಸುತ್ತಲು ಕೂರಿಸಿದ್ದರು. ಊರಿಗೇ ಕೈ ಚುರುಕಿನವನೆಂದು ಹೆಸರಾದವನು ಸೊಂಟ ಬಗ್ಗಿಸಿ ಕುಳಿತು ನೂಲು ಸುತ್ತುವುದನ್ನು ನೋಡಲಾರದೆ ಅವ್ವ ಬುತ್ತಿ ಕೊಡಲು ನನ್ನನ್ನು ಕಳಿಸುತ್ತಿದ್ದಳು. ೧೯೬೬ರ ಹೊತ್ತಿಗೆ ಉಳಿದ ಕಣ್ಣೂ ಮಂಜಾಯಿತು. ಕೆಲಸ ಬಿಟ್ಟು ಮನೆಯಲ್ಲಿ ಕುಳಿತ. ಹೊಸ ನೇಕಾರರು ಯಾರಾದರೂ ಮಾತಾಡಿಸಲು ಬಂದರೆ, “ನನ್ನಂಗ ತಡಾ ಮಾಡಬ್ಯಾಡ್ರಪಾ,” ಎಂದು ಬುದ್ಧಿ ಹೇಳುತ್ತಿದ್ದ. ಒಳಗಿನಿಂದ ಅದನ್ನು ಕೇಳಿ ನಾನು ಹಲ್ಲು ಕಚ್ಚಿಕೊಳ್ಳುತ್ತಿದ್ದೆ.

ಅಷ್ಟರಲ್ಲಿ ನಾನೂ ಪ್ರಾಥಮಿಕ ಶಾಲೆಯಲ್ಲಿ ಮಕ್ಕಳು ‘ಬಾಯಿ’ ಎಂದು ಕರೆಯುವ ಶಿಕ್ಷಕಿ ಆಗಿದ್ದೆ. ಗಡಹಿಂಗ್ಲಜಕ್ಕೆ ಒಂದು ಕಾರ್ಡು ಬರೆದೆ. ‘ಸರ್, ಅಪ್ಪ ಇನ್ನೂ ತಪ್ಪು ತನ್ನದೇ ಅನ್ನುತ್ತಾನೆ. ಅವನು ಸಾಯುವುದರೊಳಗೆ ನೀವು ಬಂದು ಹೇಳಬೇಕು.’ ಹೀಗೆ ಒರಟಾಗಿಯೇ ಬರೆದೆ. ಮೂರು ವಾರ ಉತ್ತರವಿಲ್ಲ. ನಾಲ್ಕನೆಯ ಭಾನುವಾರ ಬೆಳಿಗ್ಗೆ ಎಸ್.ಟಿ. ಬಸ್ಸಿಳಿದು ಮಾಸ್ತರರೇ ಬಂದರು. ಮೂವತ್ತೇಳರ ವಯಸ್ಸಿಗೆ ಮುದುಕರಾಗಿದ್ದರು. ಕೈಯಲ್ಲಿ ಕಾಗದದ ಪೊಟ್ಟಣ.

“ಯಲಗೂರಪ್ಪ, ನಾ ಭೀಮಗೊಂಡ ಬಂದೇನಿ.”

ಅಪ್ಪ ಗೋಡೆ ಹಿಡಿದು ಎದ್ದ. “ಶಿವವ್ವಾ, ಮಾಸ್ತರು ಬಂದಾರ, ಒಲಿ ಹಚ್ಚು!” ಎಂದು ಕೂಗಿದ ಆ ದನಿಯಲ್ಲಿನ ಸಂತೋಷ ನಾನು ಎಷ್ಟೋ ವರ್ಷದಿಂದ ಕೇಳಿರಲಿಲ್ಲ.

ಪೊಟ್ಟಣದಲ್ಲಿ ಇದ್ದದ್ದು ನಾಲ್ಕು ದಪ್ಪ ನೂಲು. ಗಡಹಿಂಗ್ಲಜದಲ್ಲಿ ಒಬ್ಬನೇ ನಾಲ್ಕು ಮಗ್ಗ ನಡೆಸುತ್ತಿದ್ದ ಕಡೆ, ಸೆಕೆಂಡಿನ ಮುಳ್ಳಿನ ಗಡಿಯಾರ ಹಿಡಿದು ಮಾಸ್ತರರು ಒಂದು ತಾಸು ನಿಂತಿದ್ದರು. ಮಗ್ಗಕ್ಕೊಂದು ನೂಲು, ನಿಮಿಷಕ್ಕೆ ಒಂದು ಬೆರಳಗಲ. ಮಗ್ಗ ನಿಂತ ಗಳಿಗೆಗೆ ಸರಿಯಾಗಿ ಅಲ್ಲಿ ಒಂದು ಗಂಟು. ನಾಲ್ಕನ್ನೂ ಚಾಪೆಯ ಮೇಲೆ ಒಂದರ ಮಗ್ಗುಲಿಗೆ ಒಂದು ಹಾಸಿ, ಅಪ್ಪನ ಕೈ ಹಿಡಿದು ಅವುಗಳ ಮೇಲಿಟ್ಟರು.

“ಗಂಟು ಎಣಸು, ಯಲಗೂರಪ್ಪ.”

ಅಪ್ಪನ ಬೆರಳು ಓಡಿತು. “ಇದರಾಗ ಆರು. ಇದರಾಗ ಏಳು. ಆರು. ಐದು.”

“ಎಣಿಸಿದ್ರ ಆರಾರ. ನಾ ಅಷ್ಟ ಮಾಡಿ ಕೈ ಬಿಟ್ಟೆ. ಈಗ ನಡುವಿನ ನೂಲು ಅಳಿ. ನಾಕೂ ಕೂಡಿಸಿ ಮುಟ್ಟಿ ನೋಡು.”

ಅಪ್ಪ ಮೆಲ್ಲಗೆ ಸವರುತ್ತ ಹೋದ. “ಇಲ್ಲಿ ಏನೂ ಇಲ್ಲರಿ, ಬರೇ ನೂಲು… ಇಲ್ಲಿ ಒಂದು… ಅಬಬಬ, ಇಲ್ಲಿ ನೋಡ್ರಿ, ಮೂರು ಕೂಡೇ ಬಂದಾವ. ಅದರ ಹಿಂದ ಮತ್ತೊಂದು.” ಅವನ ಮುಖ ಅರಳಿತು. “ಹಿಂಗ ಬರತಿದ್ದವರೀ ಮಾಸ್ತರ! ಖರೇನ ಹಿಂಗ!”

“ಮೂರು ಕಡೆ ಒಬ್ಬ ಮನಶ್ಯಾ ಕೂಡೇ ನಿಲ್ಲಾಕ ಆಗೂದಿಲ್ಲ. ನೀ ತಡಾ ಮಾಡಿಲ್ಲ. ನನ್ನ ಲೆಕ್ಕ ತಪ್ಪಿತ್ತು. ವಿಚಾರಣಿ ದಿನ ಅದನ್ನ ಹೇಳಾಕ ಹೆದರಿದೆ. ತಪ್ಪು ನಂದು.”

ಮಾಸ್ತರರ ಕಣ್ಣಿಂದ ನೀರು ಇಳಿಯುತ್ತಿತ್ತು. ಕೊನೆಗೂ ಆಯಿತಲ್ಲ ಅನ್ನಿಸಿ ಮನಸ್ಸಿನಲ್ಲೇ ದೇವರಿಗೆ ಕೈ ಮುಗಿದೆ. ಅಪ್ಪ ನೂಲನ್ನು ಮತ್ತೊಮ್ಮೆ ಸವರಿದ.

“ನಾನೂ ಒಂದು ಮಾತು ಹೇಳತೇನಿ, ಸಿಟ್ಟಾಗಬ್ಯಾಡ್ರಿ,” ಅಂದ. “ಭರಮಪ್ಪ ಗಡಿಯಾರ ಹಿಡದು ನಿಂತ ಆ ಮೂರು ದಿನ ನಾ ರೊಟ್ಟಿ ತಿನ್ನಾಕ ಕುಂತಿಲ್ಲ, ನೀರು ಕುಡದಿಲ್ಲ. ಜೀವಾ ಒತ್ತಿ ಹಿಡದು ಗಂಟು ಹಾಕೇನಿ. ಈ ಕಾಗದಾ ನಮ್ಮ ಮಾಸ್ತರ ಕೈಗೆ ಹೋಗತೈತಿ, ಛಲೋ ಕಾಣಬೇಕು ಅಂತ. ದಿನಾ ನನಗ ಎರಡು ನಿಮಿಷದಾಗ ಆಗತಿದ್ದಿಲ್ಲರಿ. ಮೂರು, ಮೂರೂವರಿ ಹಿಡೀತಿತ್ತು. ನಾ ಸುಳ್ಳು ಕೊಟ್ಟೆ, ನೀವು ಖರೇ ಅಂತ ತಿಳಕೊಂಡು ಬರದ್ರಿ. ನಿಮ್ಮದೇನು ತಪ್ಪೈತಿ?”

ಮೂರು ನಿಮಿಷ. ತಾಸಿಗೆ ಆರು ಸಲ, ನಾಲ್ಕು ಮಗ್ಗ. ಎಪ್ಪತ್ತೆರಡು. ತಾಸಿನಲ್ಲಿರುವುದು ಅರವತ್ತು. ದಪ್ಪ ಪುಸ್ತಕ ಬೇಕಿರಲಿಲ್ಲ, ಚಲಕ ಬೇಕಿರಲಿಲ್ಲ, ನನ್ನ ಎರಡನೆಯ ಇಯತ್ತೆಯ ಮಕ್ಕಳು ಮಾಡುವ ಲೆಕ್ಕ ಅದು. ಮಾಸ್ತರರೂ ಮನಸ್ಸಿನಲ್ಲಿ ಅದನ್ನೇ ಮಾಡುತ್ತಿದ್ದರು, ತುಟಿ ಅಲುಗಿದ್ದು ನನಗೆ ಕಂಡಿತು.

“ಆವಾಗ ನನಗೊಂದು ಮಾತು ಹೇಳಬೇಕಿಲ್ಲೇನಪಾ?” ಅಂದರು.

“ಹೆಂಗ ಹೇಳೂದರೀ? ನಾಕು ಮಂದಿ ಮುಂದ ನಿಮ್ಮ ಲೆಕ್ಕ ಸುಳ್ಳಾಗತಿತ್ತು.”

ಅವ್ವ ರೊಟ್ಟಿ ಬಡಿದು ತಂದಿಟ್ಟಳು. ಇಬ್ಬರೂ ಒಂದೇ ತಟ್ಟೆಯ ಮುಂದೆ ಕುಳಿತರು. ಅಪ್ಪ ತಡಕಾಡಿ ಮಾಸ್ತರರ ಕಡೆಗೆ ರೊಟ್ಟಿ ಸರಿಸಿದ. ಅವರು ಒಂದು ತುತ್ತು ಮುರಿದು ಕೈಯಲ್ಲಿ ಹಿಡಿದುಕೊಂಡೇ ಇದ್ದರು, ಬಾಯಿಗೆ ಹೋಗಲಿಲ್ಲ.

ಅಪ್ಪ ಇನ್ನೆರಡು ವರ್ಷ ಬದುಕಿದ. ತಪ್ಪು ತನ್ನದೆಂದು ಹೇಳುತ್ತಲೇ ಸತ್ತ. ಮಣ್ಣು ಕೊಡಲು ಬಂದಿದ್ದ ಮಾಸ್ತರರು ತಪ್ಪು ತಮ್ಮದೆಂದು ನನ್ನ ಮುಂದೆ ಅತ್ತು ಗಡಹಿಂಗ್ಲಜದ ಬಸ್ಸು ಹತ್ತಿದರು. ಕಾಕಾಸಾಹೇಬ ಒಂದು ಹೂವಿನ ಹಾರ ಕಳಿಸಿದ್ದ. ಅದನ್ನು ತಂದವನು ಅಪ್ಪನ ಮಗ್ಗಗಳನ್ನು ಈಗ ನಡೆಸುವ ನೇಕಾರ. ಕೂತು ನೀರು ಕುಡಿದು ಹೋಗಪ್ಪ ಎಂದು ಅವ್ವ ಅಂದರೆ, ನಾಲ್ಕು ಮಗ್ಗ ಬಿಟ್ಟು ಬಂದೇನಿ, ತಡಾ ಆಗತೈತಿ ಎಂದು ನಿಂತ ಕಾಲಲ್ಲೇ ಹೊರಟುಹೋದ.